ವಸೂಲಿ ಪತ್ರವನ್ನು ಗಲ್ಲಾದಡಿ ಇಡಬೇಡಿ

ನಾನು ಕಾನೂನು ಓದಿದವನಲ್ಲ. ಹಗಲು ಟೇಬಲ್ ಒರೆಸಿ, ಮುಂಬಯಿಯ ಕನ್ನಡ ರಾತ್ರಿಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿದವನು. ಆದರೂ ಕಳೆದ ನಾಲ್ಕು ತಿಂಗಳು ನನ್ನ ನಿದ್ದೆಗೆಡಿಸಿದ ಒಂದು ವಿಷಯ ಹೇಳಿಕೊಳ್ಳಬೇಕೆನಿಸಿದೆ. ತುರ್ಭೆಯ ಇನ್ನಿಬ್ಬರು ಹೋಟೆಲಿಗರಿಗೂ ಇಂಥದೇ ಪತ್ರ ಬಂದಿದೆಯಂತೆ.

ನಮ್ಮ ಟೆಂಪೋ ಬೆಳಿಗ್ಗೆ ನಾಲ್ಕಕ್ಕೆ ಎಪಿಎಂಸಿ ತರಕಾರಿ ಮಾರ್ಕೆಟಿಗೆ ಹೋಗುತ್ತದೆ. ಒಳಗೆ ಜಾಗ ಸಿಗದ ದಿನ ಡ್ರೈವರ್ ಹತ್ತಿರದ ಒಂದು ಖಾಸಗಿ ಪ್ಲಾಟಿನಲ್ಲಿ ನಿಲ್ಲಿಸುತ್ತಾನೆ. ಆ ಪ್ಲಾಟಿನ ಕಂಟ್ರಾಕ್ಟರನಿಂದ ಎರಡು ಪತ್ರ ಬಂದಾಗ ಗಲ್ಲಾದಡಿ ಇಟ್ಟು ಮರೆತೆ. ಮೂರನೆಯದು ಯಾವುದೋ ರಿಕವರಿ ಕಂಪೆನಿಯದು. ಮೇಲೆ ತಕ್ಕಡಿಯ ಚಿತ್ರ, ಕೆಂಪಕ್ಷರ. ಆರು ದಿನದ ಪಾರ್ಕಿಂಗ್ 240 ರೂಪಾಯಿ, ದಂಡ 3,000, ವಸೂಲಿ ಖರ್ಚು 2,500, ಒಟ್ಟು 5,740. ಏಳು ದಿನದಲ್ಲಿ ಕಟ್ಟದಿದ್ದರೆ ಟೆಂಪೋ ಜಪ್ತಿಯಂತೆ!

ಸಿಟ್ಟಿನಲ್ಲಿ ನಾನು ಮಾಡಿದ ಮೊದಲ ಕೆಲಸ, ಡ್ರೈವರನ ಸಂಬಳದಿಂದ ಸಾವಿರ ರೂಪಾಯಿ ಮುರಿದದ್ದು. ಆತ ತುಟಿ ಬಿಚ್ಚಲಿಲ್ಲ. ಮರುದಿನ ರಬ್ಬರ್ ಬ್ಯಾಂಡ್ ಹಾಕಿದ ಚೀಟಿಗಳ ಕಟ್ಟೊಂದನ್ನು ತಂದು ಗಲ್ಲಾದ ಮೇಲಿಟ್ಟ. ಆರು ದಿನಗಳಲ್ಲಿ ನಾಲ್ಕರ ರಸೀದಿ ಅದರಲ್ಲಿತ್ತು. ಉಳಿದೆರಡು ದಿನ ಗೇಟಿನಲ್ಲಿ ಯಾರೂ ಇರಲಿಲ್ಲ ಅಣ್ಣಾ, ಎಂದ. ಆ ಸಾವಿರ ಹಿಂದೆ ಕೊಡುವಾಗ ಅವನ ಮುಖ ನೋಡಲು ನನ್ನಿಂದಾಗಲಿಲ್ಲ.

ಬಳಿಕ ವಕೀಲರೊಬ್ಬರನ್ನು ಕಂಡೆ. ದಂಡ ಹಾಕುವ ಅಧಿಕಾರವನ್ನು ಕಾನೂನು ಕೊಟ್ಟಿರುವುದು ಪೊಲೀಸ್, ಮಹಾನಗರಪಾಲಿಕೆಯಂಥವರಿಗೆ. ಖಾಸಗಿಯವನು ತನ್ನ ಜಾಗದ ಶುಲ್ಕ ಕೇಳಬಹುದು, ನಷ್ಟವಾಗಿದ್ದರೆ ಕೋರ್ಟಿಗೆ ಹೋಗಬಹುದು. ಬೋರ್ಡಿನಲ್ಲಿ ಎಷ್ಟೇ ದಂಡ ಬರೆದಿರಲಿ, 1872ರ ಕರಾರು ಕಾಯಿದೆಯ 74ನೇ ಕಲಮಿನ ಪ್ರಕಾರ ಕೋರ್ಟು ಕೊಡಿಸುವುದು ನ್ಯಾಯವೆನಿಸುವ ಪರಿಹಾರ ಮಾತ್ರ. ಇನ್ನು ವಸೂಲಿ ಕಂಪೆನಿ ಕೋರ್ಟಲ್ಲ. ಕೋರ್ಟಿನ ಆದೇಶವಿಲ್ಲದೆ ಇಂಥ ಬಾಕಿಗಾಗಿ ಗಾಡಿ ಜಪ್ತಿ ಮಾಡುವಂತಿಲ್ಲ.

ಎರಡು ದಿನದ 80 ರೂಪಾಯಿ ನನ್ನ ಬಾಕಿಯೇ. ಅದನ್ನು ಕಳಿಸಿದೆ. ಜತೆಗೆ ಅರ್ಧ ಪುಟದ ಉತ್ತರ, ನಾಲ್ಕು ರಸೀದಿಗಳ ನಕಲು. ಉಳಿದದ್ದನ್ನು ಒಪ್ಪುವುದಿಲ್ಲ, ನಿಮಗೆ ಈ ವಸೂಲಿ ಒಪ್ಪಿಸಿದ ಕಾಗದ ತೋರಿಸಿ ಎಂದು ಬರೆದೆ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ಚೀಟಿ ಇಟ್ಟುಕೊಂಡೆ. (ನಮ್ಮ ಹಳೆಯ ರಿಜಿಸ್ಟರ್ಡ್ ಪೋಸ್ಟನ್ನು 2025ರಲ್ಲಿ ಸ್ಪೀಡ್ ಪೋಸ್ಟಿಗೇ ಸೇರಿಸಿಬಿಟ್ಟರು.) ಎರಡು ತಿಂಗಳಿಂದ ಸದ್ದಿಲ್ಲ. ಹಣದ ದಾವೆ ಹಾಕಲು ಮೂರು ವರ್ಷದ ಅವಧಿಯಿದೆ, ಹಾಗಾಗಿ ಫೈಲು ಎಸೆದಿಲ್ಲ.

ಎಲ್ಲ ಪತ್ರಗಳಿಗೂ ಇದೇ ಧೈರ್ಯ ತೋರಿಸಬೇಡಿ, ದಯವಿಟ್ಟು. ಚೆಕ್ ಬೌನ್ಸ್ ನೋಟೀಸಾದರೆ ಕೈಸೇರಿದ ಹದಿನೈದು ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ಕ್ರಿಮಿನಲ್ ಕೇಸು. ಕೋರ್ಟಿನ ಸಮನ್ಸ್ ಬಂದರೆ ಅದೇ ದಿನ ವಕೀಲರಲ್ಲಿಗೆ ಓಡಿ. ಟ್ರಾಫಿಕ್ ಇ-ಚಲನ್ ಸರಕಾರದ್ದು, ಆದರೆ ಅದರ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಬರುವ ಫೈಲನ್ನು ಮಾತ್ರ ಒತ್ತಬೇಡಿ, ಖಾತೆ ಖಾಲಿಯಾದೀತು. ಸರಕಾರಿ ವೆಬ್‌ಸೈಟಿನಲ್ಲಿ ಗಾಡಿ ನಂಬರ್ ಹಾಕಿ ನೋಡಿ.

ಇಷ್ಟೆಲ್ಲ ಬರೆದ ಮೇಲೆ ನನ್ನ ಮನೆಯ ವಿಷಯವನ್ನೂ ಹೇಳಬೇಕಲ್ಲ. ನಮ್ಮ ಹೋಟೆಲಿನ ಮುಂದೆಯೂ 'ಗಿರಾಕಿಗಳಿಗೆ ಮಾತ್ರ, ಇತರರಿಗೆ 500 ರೂ. ದಂಡ' ಎಂಬ ಬೋರ್ಡಿತ್ತು! ಕೆಳಗೆ 'ಗಾಡಿ ಕಳವಾದರೆ ಮಾಲಕರೇ ಜವಾಬ್ದಾರರು' ಎಂದೂ ಬರೆಸಿದ್ದೆ. ದಿಲ್ಲಿಯ ತಾಜ್‌ಮಹಲ್ ಹೋಟೆಲಿಗೆ ಗಿರಾಕಿಯೊಬ್ಬರು ಕೀ ಸಮೇತ ಒಪ್ಪಿಸಿದ ಕಾರು 1998ರಲ್ಲಿ ಕಳವಾಗಿತ್ತು. ತನ್ನ ಅಜಾಗರೂಕತೆಯಿದ್ದಾಗ ಚೀಟಿಯಲ್ಲಿ ಹಾಗೆ ಅಚ್ಚು ಹಾಕಿದ ಮಾತ್ರಕ್ಕೆ ಹೋಟೆಲು ತಪ್ಪಿಸಿಕೊಳ್ಳಲಾಗದು ಎಂದು 2019ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ವ್ಯಾಲೆ ಪಾರ್ಕಿಂಗ್ ಇಟ್ಟವರು ಇದನ್ನು ಗಮನಿಸಬೇಕು.

ನನ್ನ ಬೋರ್ಡನ್ನು ಕಳೆದ ಸೋಮವಾರ ಇಳಿಸಿದೆ. ಮುಂದಿನ ಸಭೆಯಲ್ಲಿ ಸಂಘದ ವತಿಯಿಂದ ವಕೀಲರೊಬ್ಬರನ್ನು ಕರೆಸಿ, ಇಂಥ ಪತ್ರಗಳಿಗೆ ಕೊಡಬೇಕಾದ ಉತ್ತರದ ಮಾದರಿಯನ್ನು ಮರಾಠಿ ಮತ್ತು ಇಂಗ್ಲಿಷಿನಲ್ಲಿ ಬರೆಸಿಕೊಡಬೇಕೆಂದು ಪದಾಧಿಕಾರಿಗಳಲ್ಲಿ ನನ್ನ ವಿನಂತಿ. ನನ್ನ ಫೈಲನ್ನು ನಾನೇ ತರುತ್ತೇನೆ.