ಮೀಟರ್ ಗೇಜ್ ಮೇಲೆ ಅಪ್ಪನ ಸೈಕಲ್

ಅಪ್ಪ ಲಿಯೋನ್‌ಗೆ ಬಂದ ಮೊದಲ ವಾರ ಅವರಿಗೆ ಇಲ್ಲಿ ಏನೂ ಹಿಡಿಸಲಿಲ್ಲ. ಅಕ್ಕನ ಬಾಣಂತನ ಅಂತ ಅಮ್ಮ ಹಾಸನದಲ್ಲೇ ಉಳಿದಿದ್ದರು. ನಾನು ಬೆಳಿಗ್ಗೆ ಒಂಬತ್ತಕ್ಕೆ ಲ್ಯಾಪ್‌ಟಾಪ್ ಮುಂದೆ ಕೂತರೆ ಏಳುವುದು ಸಂಜೆಗೇ. ಅಪ್ಪ ಒಬ್ಬರೇ ಹತ್ತಿರದ ರೈಲ್ವೆ ಸ್ಟೇಷನ್ನಿಗೆ ಹೋಗಿ ಗಂಟೆಗಟ್ಟಲೆ ರೈಲು ನೋಡಿಕೊಂಡು ಬರುತ್ತಿದ್ದರು. ಸಕಲೇಶಪುರದ ಘಾಟಿಯಲ್ಲಿ ಕೀಮ್ಯಾನ್ ಆಗಿ, ಮೇಟ್ ಆಗಿ ನಿವೃತ್ತರಾದವರಿಗೆ ಊರು ಯಾವುದಾದರೂ ನೋಡುವುದು ಹಳಿಯನ್ನೇ.

ಅವರಿಗೆ ಹೊತ್ತು ಹೋಗಲಿ ಅಂತ ಒಂದು ರಾತ್ರಿ ಫೋನಿನಲ್ಲಿ ಫೋಟೊ ತೋರಿಸಿದೆ. ಬೆಟ್ಟದ ಪಕ್ಕೆಯಲ್ಲಿ ಸುತ್ತಿಕೊಂಡು ಹೋಗುವ ಹಳೇ ರೈಲು ದಾರಿ, ಹಳಿ ಕಿತ್ತು ಈಗ ಸೈಕಲ್ಲಿಗೆ ಬಿಟ್ಟಿದ್ದಾರೆ.

"ಗೇಜ್ ಎಷ್ಟಿತ್ತು?" ಅಂದರು.

"ಮೀಟರ್."

ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ನೋಡಿದರು. "ಹೋಗೋಣ."

"ಸೈಕಲ್ಲಲ್ಲಿ ಹೋಗಬೇಕು ಅಪ್ಪ."

ಅವರು ಸುಮ್ಮನಾದರು. ನಾನೂ ಸುಮ್ಮನಾದೆ. ಅದಕ್ಕೆ ಕಾರಣ ಇತ್ತು.

ಮೂರು ವರ್ಷದ ಹಿಂದೆ ಬೆಂಗಳೂರಿನಲ್ಲಿ ಆಫೀಸಿಗೆ ಸೈಕಲ್ಲಲ್ಲಿ ಹೋಗುತ್ತಿದ್ದೆ. ಮೊದಲ ಬೋನಸ್ಸಿನಲ್ಲಿ ತಗೊಂಡ ಸೈಕಲ್ಲು, ನಲವತ್ತೆರಡು ಸಾವಿರ. ಒಂದು ಬೆಳಿಗ್ಗೆ ಹಿಂದಿನಿಂದ ಬಂದ ಕ್ಯಾಬ್ ಒರೆಸಿಕೊಂಡು ಹೋಯಿತು. ಎಡಗಡೆ ಕಾಲರ್ ಬೋನ್ ಮುರಿಯಿತು, ತಲೆಗೆ ಆರು ಹೊಲಿಗೆ. ಆಸ್ಪತ್ರೆಯಿಂದ ಮನೆಗೆ ಬಂದಾಗ ಸೈಕಲ್ ಇರಲಿಲ್ಲ. ಅಪ್ಪ ಅದನ್ನು ಸಾವಿರದ ಎಂಟುನೂರು ರೂಪಾಯಿಗೆ ಗುಜರಿಗೆ ಹಾಕಿದ್ದರು. ನನ್ನನ್ನು ಒಂದು ಮಾತು ಕೇಳಿರಲಿಲ್ಲ. ಚಕ್ರ ಸೊಟ್ಟಗಾಗಿತ್ತು ನಿಜ, ಆದರೆ ರಿಪೇರಿ ಆಗುತ್ತಿತ್ತು. ಆ ವಿಷಯ ನಾವಿಬ್ಬರೂ ಮತ್ತೆ ಎತ್ತಲಿಲ್ಲ. ನಾನು ಮತ್ತೆ ಸೈಕಲ್ ಹತ್ತಲೂ ಇಲ್ಲ. ಲಿಯೋನ್‌ಗೆ ಬಂದು ಎರಡು ವರ್ಷ ಆಯಿತು, ಇಲ್ಲಿ ಮೂಲೆಮೂಲೆಗೆ ಬಾಡಿಗೆ ಸೈಕಲ್ಲಿದ್ದರೂ ಮೆಟ್ರೋದಲ್ಲೇ ಓಡಾಟ.

ಆ ದಾರಿಯ ಹೆಸರು 'ಡೋಲ್ಚೆ ವಿಯಾ'. ಇಟಾಲಿಯನ್ ಮಾತು, ಹಿತವಾದ ದಾರಿ ಅಂತ ಅರ್ಥ. ಫ್ರಾನ್ಸಿನ ಆಗ್ನೇಯಕ್ಕೆ ಆರ್ದೆಶ್ ಅನ್ನುವ ಗುಡ್ಡಗಾಡು ಜಿಲ್ಲೆಯಲ್ಲಿ, ರೋನ್ ನದಿ ದಂಡೆಯ ಲಾ ವೂಲ್ಟ್ ಊರಿನಿಂದ ಎರಿಯೊ ಅನ್ನೋ ಹೊಳೆಯ ಕಣಿವೆ ಹಿಡಿದು ಲ ಶೇಲಾರ್ ಪಟ್ಟಣಕ್ಕೆ ಏರುತ್ತದೆ. ಅಲ್ಲಿಂದ ಕವಲೊಡೆದು ಒಂದು ಲಾಮಾಸ್ತ್ರ್ ಕಡೆಗೆ, ಇನ್ನೊಂದು ಸಾವಿರ ಮೀಟರ್ ಮೇಲಿರುವ ಸ್ಯಾಂತಾಗ್ರೆವ್‌ಗೆ. ಎಲ್ಲ ಸೇರಿ ಸುಮಾರು 90 ಕಿಲೋಮೀಟರ್. 1968ರಲ್ಲಿ ಇಲ್ಲಿ ರೈಲು ನಿಂತಿತು. ಹಳ್ಳಿಗರು ಬಸ್ಸು, ಕಾರು ಹಿಡಿದರು, ಹಳಿ ಎದ್ದು ಹೋಯಿತು, ದಿಣ್ಣೆ ಉಳಿಯಿತು. ಇಂಥ ದಾರಿಗಳಿಗೆ ಫ್ರೆಂಚರು 'ಹಸಿರು ದಾರಿ' ಅಂತಾರೆ. ಕಾರು, ಬೈಕಿಗೆ ಪ್ರವೇಶ ಇಲ್ಲ. ನಮ್ಮಲ್ಲಿ ಹಳೇ ಮೀಟರ್ ಗೇಜ್ ಬಹುತೇಕ ಬ್ರಾಡ್‌ಗೇಜ್ ಆಗಿ ಉಳಿದುಕೊಂಡಿತು. ಅದು ಒಳ್ಳೆಯದೇ, ಬಿಡಿ.

ಅಪ್ಪನೇ ಎರಡು ದಿನ ಬಿಟ್ಟು ಕೇಳಿದರು, "ಆ ಲೈನು ನೋಡಕ್ಕೆ ಯಾವಾಗ ಹೋಗದು?"

ಸೆಪ್ಟೆಂಬರಿನ ಒಂದು ಶುಕ್ರವಾರ ರಜೆ ಹಾಕಿದೆ. ಸಹೋದ್ಯೋಗಿಯೊಬ್ಬ ಕಾರಿನಲ್ಲಿ ಲಾ ವೂಲ್ಟ್‌ವರೆಗೆ ಬಿಟ್ಟ. ನನಗೆ ಸಾದಾ ಸೈಕಲ್, ಅರವತ್ತಮೂರರ ಅಪ್ಪನ ಮಂಡಿಗೆ ಬ್ಯಾಟರಿ ಸೈಕಲ್ ಬಾಡಿಗೆಗೆ ತಗೊಂಡೆವು. ಪೆಡಲ್ ತುಳಿದರೆ ಮಾತ್ರ ಮೋಟರ್ ಸಹಾಯಕ್ಕೆ ಬರುತ್ತೆ, 25 ಕಿಲೋಮೀಟರ್ ವೇಗ ದಾಟಿದರೆ ತಾನೇ ಕೈಬಿಡುತ್ತೆ, ಇಲ್ಲಿನ ಕಾನೂನೇ ಹಾಗೆ ಅಂತ ವಿವರಿಸಿದೆ. "ಗೊತ್ತಾಯ್ತು ಬಿಡು, ಹಿಂದೆ ಬ್ಯಾಂಕರ್ ಹಾಕಿದ ಹಾಗೆ" ಅಂದರು. ಘಾಟಿ ಹತ್ತುವ ಗೂಡ್ಸ್ ಗಾಡಿಗೆ ಹಿಂದಿನಿಂದ ತಳ್ಳಲು ಕೊಡುವ ಇಂಜಿನ್ನಿಗೆ ಬ್ಯಾಂಕರ್ ಅಂತಾರೆ. ನಾನು ನಾಲ್ಕು ವಾಕ್ಯದಲ್ಲಿ ಹೇಳಿದ್ದು ಅವರ ಒಂದು ಪದದಲ್ಲಿ ಮುಗಿಯಿತು.

ಮೊದಲ ಐದಾರು ಕಿಲೋಮೀಟರ್ ನಾನು ಸೈಕಲ್ ಹೊಡೆದದ್ದು ಕಿವಿಯಿಂದ. ಬೆನ್ನ ಹಿಂದೆ ಏನೋ ಬರುತ್ತಿದೆ ಅಂತ ಪದೇಪದೇ ತಿರುಗಿ ನೋಡುವುದು. ಏನೂ ಇಲ್ಲ. ಜಲ್ಲಿಪುಡಿ ಬಡಿದು ಗಟ್ಟಿ ಮಾಡಿದ ದಾರಿ, ಚಕ್ರದಡಿ ಚರಚರ ಸದ್ದು, ಕೆಳಗೆ ಹೊಳೆ. ಎಡ ಭುಜ ಮಾತ್ರ ಕಿವಿಯವರೆಗೆ ಎತ್ತಿಕೊಂಡೇ ಇತ್ತು. ಬ್ರೇಕ್ ಹಿಡಿದ ಬೆರಳು ಬಿಳಿಚಿತ್ತು. ವಾಹನ ಇಲ್ಲ ಅನ್ನುವುದು ತಲೆಗೆ ತಿಳಿದರೂ ಮೈಗೆ ತಿಳಿಯೋಕೆ ಇನ್ನೂ ಒಂದು ಗಂಟೆ ಬೇಕಾಯಿತು.

ಅಪ್ಪನಿಗೆ ಅಂಥದ್ದೇನೂ ಇರಲಿಲ್ಲ. ಹಿಂದೆ ವರ್ಷಾನುಗಟ್ಟಲೆ ಅಟ್ಲಾಸ್ ಸೈಕಲ್ಲಿನಲ್ಲಿ ಡ್ಯೂಟಿಗೆ ಹೋದವರು. ಅವರು ದಾರಿಯನ್ನು ಓದುತ್ತಿದ್ದರು. ಇಲ್ಲಿ ಕಟಿಂಗ್, ಇಲ್ಲಿ ಮಣ್ಣು ತುಂಬಿದ್ದಾರೆ, ನೋಡು ಈ ಮೋರಿಗೆ ಎಂಥ ಕಲ್ಲು ಕಟ್ಟಿದ್ದಾರೆ. ಬೆಟ್ಟದ ಪಕ್ಕೆಗೆ ಗಾರೆ ಹಾಕದೆ ಕಲ್ಲು ಜೋಡಿಸಿ ಮೆಟ್ಟಿಲು ಮೆಟ್ಟಿಲಾಗಿ ಹೊಲ ಮಾಡಿದ್ದು ಕಂಡಾಗ ಇಳಿದು ಹೋಗಿ ಕೈಯಲ್ಲಿ ಮುಟ್ಟಿ ಬಂದರು.

"ಏರು ಎಷ್ಟಿರಬಹುದು?" ಅಂತ ನಾನೇ ಪರೀಕ್ಷೆ ಮಾಡಿದೆ. ಪೆಡಲ್ ನಿಲ್ಲಿಸಿ ಒಂದು ಗಳಿಗೆ ಬಿಟ್ಟು ನೋಡಿ, "ನೂರೈವತ್ತಕ್ಕೆ ಒಂದು, ಹೆಚ್ಚಂದರೆ ನೂರಕ್ಕೆ ಒಂದು" ಅಂದರು. ಆಮೇಲೆ ಲೆಕ್ಕ ಹಾಕಿದೆ. ಲ ಶೇಲಾರ್‌ಗೆ ಸುಮಾರು 50 ಕಿಲೋಮೀಟರ್, ಅಷ್ಟರಲ್ಲಿ ಏರುವುದು ಮುನ್ನೂರು ಚಿಲ್ಲರೆ ಮೀಟರ್. ಸರಾಸರಿ ನೂರೈವತ್ತಕ್ಕೆ ಒಂದೇ! ಅವರು ದುಡಿದ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿ ಐವತ್ತಕ್ಕೆ ಒಂದು, 57 ಸುರಂಗ ಬೇರೆ. ರೈಲಿನ ಕಬ್ಬಿಣದ ಚಕ್ರ ಕಬ್ಬಿಣದ ಹಳಿ ಮೇಲೆ ಕಡಿದಾದ ಏರು ಹತ್ತಲಾರದು, ಜಾರುತ್ತದೆ. ಅದಕ್ಕೇ ಬೆಟ್ಟದ ಪ್ರತಿ ಮಡಿಕೆಯನ್ನೂ ಸುತ್ತಿ ಸುತ್ತಿ ದಾರಿ ತೆಗೆದಿದ್ದಾರೆ. ಅಂದು ಇಂಜಿನ್ನಿಗೆ ಆಗದ್ದು ಇಂದು ನನ್ನಂಥ ಕೂತು ದಪ್ಪ ಆದವರಿಗೆ ಅನುಕೂಲ.

ಪೂರ್ತಿ ರಸ್ತೆಯೇ ಇಲ್ಲ ಅಂತಲ್ಲ. ಆಗಾಗ ಊರ ರಸ್ತೆ ಅಡ್ಡ ಬರುತ್ತದೆ. ಅಂಥ ಒಂದು ಕಡೆ ನಾವು ನಿಂತೆವು. ಬಂದ ಕಾರೂ ನಿಂತಿತು. ಅಪ್ಪ ಕೈಬೀಸಿ ಹೋಗಪ್ಪ ಅಂದರು. ಕಾರಿನ ಅಜ್ಜಿ ನೀವು ಹೋಗಿ ಅಂದಳು. ಅಪ್ಪ ಮತ್ತೆ ಕೈಬೀಸಿದರು. ಕೊನೆಗೆ ಅಜ್ಜಿ ನಗುತ್ತಾ ಇಂಜಿನ್ನನ್ನೇ ಆಫ್ ಮಾಡಿ ಕೂತಳು. "ಏನ್ ಜನ ಮಾರಾಯ, ಕೆಲಸ ಇಲ್ವಾ ಇವರಿಗೆ" ಅಂತ ದಾಟಿದ ಮೇಲೂ ಅಪ್ಪ ಗೊಣಗುತ್ತಿದ್ದರು.

ಹಳೇ ಸ್ಟೇಷನ್ ಕಟ್ಟಡವೊಂದರ ಎದುರು ಬುತ್ತಿ ಬಿಚ್ಚಿದೆವು. ಚಪಾತಿ, ಚಟ್ನಿಪುಡಿ, ಜೊತೆಗೆ ಪಿಕೋಡೋನ್ ಅನ್ನುವ ಇಲ್ಲಿನ ಆಡಿನ ಹಾಲಿನ ಚೀಸ್. ಅಪ್ಪ ಅದನ್ನು ಮೂಸಿ ನನ್ನ ಕಡೆ ತಳ್ಳಿದರು. ಆರ್ದೆಶ್ ಚೆಸ್ಟ್‌ನಟ್‌ಗೆ ಹೆಸರುವಾಸಿ, ಬೆಟ್ಟದ ತುಂಬ ಅದರದೇ ತೋಪು. ಬೇಯಿಸಿದ್ದು ತಿಂದು "ಇದು ನಮ್ಮ ಹಲಸಿನ ಬೀಜ ಕಣೋ, ಸಕ್ಕರೆ ಜಾಸ್ತಿ ಅಷ್ಟೆ" ಎಂದು ತೀರ್ಪು ಕೊಟ್ಟರು.

ಆ ರಾತ್ರಿ ಸ್ಯಾನ್ ಸೋವರ್ ಎಂಬ ಊರಿನಲ್ಲಿ ತಂಗಿದೆವು. ಊಟ ಆಗಿ ಹೊಳೆ ದಂಡೆಯಲ್ಲಿ ಕೂತಿದ್ದಾಗ, ಯಾವ ಪೀಠಿಕೆಯೂ ಇಲ್ಲದೆ ಕೇಳಿಬಿಟ್ಟೆ.

"ಸೈಕಲ್ ಯಾಕೆ ಮಾರಿದ್ರಿ ಅಪ್ಪ?"

ಬಹಳ ಹೊತ್ತು ಮಾತಾಡಲಿಲ್ಲ. ನಾನು ಕೇಳಬಾರದಿತ್ತು ಅಂದುಕೊಳ್ಳುವಷ್ಟರಲ್ಲಿ ಹೇಳಿದರು.

"ಲೈನ್ ಮೇಲೆ ನಾಲ್ಕು ಹೆಣ ಎತ್ತಿದೀನಿ ನಾನು. ಪಕ್ಕದಲ್ಲಿ ಅವರ ಚಪ್ಪಲಿ, ಟಿಫನ್ ಡಬ್ಬಿ ಬಿದ್ದಿರೋದು. ಮೈ ಮರೀಬಹುದು, ಅದು ಮರೆಯಕ್ಕಾಗಲ್ಲ. ನೀನು ಆಸ್ಪತ್ರೇಲಿ ಇದ್ದೆ. ಪೊಲೀಸರು ಸೈಕಲ್ ತಂದು ಬಾಗಿಲಲ್ಲಿ ಒರಗಿಸಿ ಹೋದ್ರು. ಅದನ್ನ ಇಟ್ಕೊಂಡು ಆ ಮನೇಲಿ ಮಲಗಕ್ಕಾಗಲಿಲ್ಲ ನಂಗೆ."

ಸ್ವಲ್ಪ ತಡೆದು, "ದುಡ್ಡು ಕುಕ್ಕೆ ಹುಂಡಿಗೆ ಹಾಕಿದೆ. ಕೇಳಬೇಕಿತ್ತು ನಿನ್ನ. ತಪ್ಪಾಯ್ತು" ಅಂದರು.

ಅಪ್ಪ ತಪ್ಪಾಯ್ತು ಅಂದದ್ದನ್ನು ನಾನು ಅದಕ್ಕೂ ಮೊದಲು ಕೇಳಿಲ್ಲ. ಉತ್ತರ ತೋಚಲಿಲ್ಲ. ಚಳಿ ಆಗ್ತಿದೆ, ಒಳಗೆ ಹೋಗೋಣ ಅಂದೆ.

ಮರುದಿನ ಲ ಶೇಲಾರ್‌ಗೆ ಹೋಗಿ ಉಳಿದೆವು. ಹೋಗುವವರಿಗೆ ಒಂದು ಮಾತು: ಮೇ ಅಥವಾ ಸೆಪ್ಟೆಂಬರ್ ಒಳ್ಳೆಯದು, ಬೇಸಿಗೆಯಲ್ಲಿ ಬಿಸಿಲು ಸುಡುತ್ತದೆ. ಮೂರನೇ ದಿನ ಇಡೀ ಕಣಿವೆ ವಾಪಸ್. ಆ ಇಳಿಜಾರಿನಲ್ಲಿ ಪೆಡಲ್ ಹಗುರ. ಇಬ್ಬರೂ ಅಕ್ಕಪಕ್ಕ ಹೋಗಬಹುದು, ದನಿ ಎತ್ತದೆ ಮಾತಾಡಬಹುದು. ಅಪ್ಪ ಗ್ಯಾಂಗಿನವರ ಕಥೆ, ಎಡಕುಮೇರಿಯ ಮಳೆ, ಜಿಗಣೆ, ಕತ್ತಲ ಸುರಂಗದಲ್ಲಿ ಆನೆ ಎದುರಾದ ರಾತ್ರಿ ಎಲ್ಲ ಹೇಳಿದರು. ಅರ್ಧಕ್ಕರ್ಧ ನನಗೆ ಹೊಸದು. ಭುಜ ಯಾವಾಗ ಕೆಳಗಿಳಿಯಿತೋ ಗಮನಿಸಲಿಲ್ಲ.

ಲಾ ವೂಲ್ಟ್ ತಲುಪಿದ ಮೇಲೆ ಸೈಕಲ್ ಅಂಗಡಿಗೆ ಒಂದಿಷ್ಟು ದೂರ ವಾಹನ ಓಡಾಡುವ ರಸ್ತೆಯಲ್ಲೇ ಹೋಗಬೇಕು. ಇಲ್ಲಿ ಬಲಗಡೆ ಸಂಚಾರ. ಹಿಂದಿನಿಂದ ಒಂದು ಲಾರಿ ಸದ್ದು ಕೇಳಿತು, ನನ್ನ ಕೈ ತಾನಾಗಿ ಬ್ರೇಕ್ ಬಿಗಿಹಿಡಿಯಿತು. ಅಷ್ಟರಲ್ಲಿ ಅಪ್ಪ ನನ್ನ ಎಡಕ್ಕೆ, ಲಾರಿಗೂ ನನಗೂ ನಡುವೆ ಬಂದಿದ್ದರು.

"ಅಪ್ಪ, ಇಲ್ಲಿ ಒಬ್ಬರ ಹಿಂದೆ ಒಬ್ಬರು ಹೋಗಬೇಕು."

"ಗೊತ್ತು. ನೀನು ನಡಿ."