ನಿದ್ದೆಯನ್ನು ಸಾಲಿನಲ್ಲಿ ನಿಲ್ಲಿಸಿ

ಪರೀಕ್ಷೆಯ ಕಾಲ ಬಂತೆಂದರೆ ನಮ್ಮ ಬೀದಿಯ ಅಂಗಡಿಯ ಫ್ರಿಜ್ಜಿನಲ್ಲಿ ಮಜ್ಜಿಗೆ ಪ್ಯಾಕೆಟ್ಟು ಕೆಳಗಿಳಿದು ಎನರ್ಜಿ ಡ್ರಿಂಕ್ ಮೇಲಂತಸ್ತಿಗೆ ಏರುತ್ತದೆ. ಅದನ್ನು ವಿಷವೆಂದು ಹಳಿಯಲು ನಾನು ತಯಾರಿಲ್ಲ. ಥಾಯ್ಲೆಂಡಿನ ಲಾರಿ ಚಾಲಕರು, ಕೂಲಿಕಾರರು ಕುಡಿಯುತ್ತಿದ್ದ ಕ್ರಾಟಿಂಗ್ ಡೇಂಗ್ ಎಂಬ ಪೇಯವನ್ನೇ ಒಂದಿಷ್ಟು ಬದಲಿಸಿ 1987ರಲ್ಲಿ ಆಸ್ಟ್ರಿಯಾದಲ್ಲಿ ರೆಡ್ ಬುಲ್ ಎಂದು ಮಾರಿದರು. ಕೆಲಸ ಮಾಡದ ಸರಕು ಅಷ್ಟು ದೂರ ಹೋಗುವುದಿಲ್ಲ. ದಣಿದ ಮಿದುಳಿಗೆ ‘ಇನ್ನು ಮಲಗು’ ಎಂದು ಹೇಳುವ ಅಡೆನೊಸಿನ್ ಕೂರಬೇಕಾದ ಜಾಗದಲ್ಲಿ ಈ ಪೇಯದೊಳಗಿನ ಕೆಫೀನ್ ಹೋಗಿ ಕೂರುತ್ತದೆ, ಅಷ್ಟೇ. ನಿದ್ದೆ ಎಲ್ಲಿಗೂ ಓಡಿಹೋಗಿಲ್ಲ, ಹೊರಗೆ ಸಾಲಿನಲ್ಲಿ ನಿಂತಿದೆ. ಐದಾರು ಗಂಟೆ ಕಳೆದರೂ ಅರ್ಧ ಕೆಫೀನ್ ಮೈಯಲ್ಲೇ ಉಳಿದಿರುತ್ತದೆ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಇಂಥ ಪೇಯಗಳಲ್ಲಿ ಕೆಫೀನ್ ಲೀಟರಿಗೆ 145ರಿಂದ 300 ಮಿಲಿಗ್ರಾಂ ಎಂದು ಗೆರೆ ಎಳೆದಿದೆ. ಅಂದರೆ 250 ಮಿಲಿಲೀಟರ್ ಡಬ್ಬಿಗೆ ಹೆಚ್ಚೆಂದರೆ 75. ಒಂದು ಲೋಟ ಗಟ್ಟಿ ಕಾಫಿಯ ಆಸುಪಾಸು. ಹಾಗಾಗಿ ಕಾಫಿಪ್ರಿಯನಾದ ನಾನು ಕೆಫೀನಿನ ಮೇಲೆ ಕೆಂಡ ಕಾರಿದರೆ ನಗೆಪಾಟಲಾದೀತು. ನನ್ನ ತಕರಾರು ಸಕ್ಕರೆಯದು: ಅಷ್ಟೇ ಅಳತೆಯ ಮಾಮೂಲಿ ರೆಡ್ ಬುಲ್ ಡಬ್ಬಿಯಲ್ಲಿ ಸುಮಾರು 27 ಗ್ರಾಂ, ಆರು ಚಮಚಕ್ಕೂ ಮಿಗಿಲು. ಬಿಸಿ ಕಾಫಿಯನ್ನು ಊದಿ ಊದಿ ಕುಡಿಯಬೇಕು. ಇದೋ ತಣ್ಣಗೆ ಗಟಗಟ ಇಳಿಯುತ್ತದೆ, ಒಂದರ ಹಿಂದೆ ಇನ್ನೊಂದು. ದಿನಕ್ಕೆ 500 ಮಿಲಿಲೀಟರ್ ಮೀರಬಾರದು, ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ ತಕ್ಕದ್ದಲ್ಲ ಎಂದು ಡಬ್ಬಿಯ ಮೇಲೆಯೇ ಅಚ್ಚಾಗಿದೆ. ಆ ಸಣ್ಣಕ್ಷರ ಓದಲು ನನಗೆ ಕನ್ನಡಕ ಬೇಕಾಯಿತು. ಪಕ್ಕದಲ್ಲಿದ್ದ ಶಾಲೆಯ ಯೂನಿಫಾರ್ಮಿನ ಹುಡುಗ ಅಷ್ಟರಲ್ಲಿ ಡಬ್ಬಿ ಖಾಲಿ ಮಾಡಿದ್ದ.