ಸನ್ನದಿಲ್ಲದ ಸಹಭಾಗಿ

ಲಾ ಫರ್ಮುಗಳೂ, ಅವುಗಳಿಗೆ ಕೆಲಸ ಕೊಡುವ ಕಂಪನಿಗಳೊಳಗಿನ ಕಾನೂನು ವಿಭಾಗಗಳೂ, ಬಿಲ್ಲು ಕಳುಹಿಸುವವರು ಮತ್ತು ಬಿಲ್ಲಿನ ಮೇಲೆ ಚೌಕಾಸಿ ಮಾಡುವವರು ಎಂಬ ಹಳೆಯ ಸಂಬಂಧವನ್ನು ತೊರೆದು, ಇನ್ನು ಮೇಲೆ ಒಂದೇ ಕಾರ್ಯದಲ್ಲಿ ಸಹಭಾಗಿಗಳಾಗಿ ನಡೆಯತಕ್ಕದ್ದೆಂಬ ಉಪದೇಶವು ವಕೀಲವೃತ್ತಿಯ ಭವಿಷ್ಯವನ್ನು ಕುರಿತ ಸಮ್ಮೇಳನಗಳಲ್ಲೆಲ್ಲ ಈಚೆಗೆ ಕೇಳಿಬರುತ್ತಿದೆ. ಕರಾರುಗಳ ಕಡತಗಳನ್ನು ಉಭಯರೂ ಒಂದೇ ಗಣಕಭಂಡಾರದಲ್ಲಿಟ್ಟುಕೊಳ್ಳಬೇಕು, ಗಂಟೆಯ ಲೆಕ್ಕವನ್ನು ಬಿಟ್ಟು ಕೆಲಸಕ್ಕಿಷ್ಟೆಂದು ಶುಲ್ಕವನ್ನು ಗೊತ್ತುಮಾಡಿಕೊಳ್ಳಬೇಕು, ಕೃತಕ ಬುದ್ಧಿಮತ್ತೆಯ ನೆರವಿನಿಂದ ಕರಡುಗಳನ್ನು ಜೊತೆಯಾಗಿ ತಿದ್ದಬೇಕು ಎಂಬ ಈ ಮಾತುಗಳಲ್ಲಿ ತಪ್ಪೇನೂ ಇಲ್ಲ. ಆದರೆ ಸಹಭಾಗಿಯೆಂದು ಕೈಹಿಡಿದು ವೇದಿಕೆಗೆ ಕರೆತಂದ ಈ ಇಬ್ಬರಲ್ಲಿ ಒಬ್ಬನನ್ನು ನಮ್ಮ ದೇಶದ ಕಾನೂನು ವಕೀಲನೆಂದೇ ಒಪ್ಪುವುದಿಲ್ಲವೆಂಬ ಸಂಗತಿಯನ್ನು ಆ ವೇದಿಕೆಗಳ ಮೇಲೆ ಯಾರೂ ಸಾಕಷ್ಟು ಗಟ್ಟಿಯಾಗಿ ಹೇಳುತ್ತಿಲ್ಲ.

ಭಾರತೀಯ ವಕೀಲರ ಪರಿಷತ್ತಿನ ನಿಯಮಾವಳಿಯ 49ನೆಯ ನಿಯಮದ ಪ್ರಕಾರ, ವೃತ್ತಿಯಲ್ಲಿರುವ ವಕೀಲನು ಯಾವ ವ್ಯಕ್ತಿಯ, ಸರ್ಕಾರದ, ಸಂಸ್ಥೆಯ ಅಥವಾ ಕಂಪನಿಯ ಪೂರ್ಣಕಾಲಿಕ ಸಂಬಳದ ನೌಕರನೂ ಆಗಿರತಕ್ಕದ್ದಲ್ಲ; ಆದನೆಂದರೆ ಅದನ್ನು ತನ್ನ ಪರಿಷತ್ತಿಗೆ ತಿಳಿಸಿ, ನೌಕರಿಯಿರುವಷ್ಟು ಕಾಲ ವೃತ್ತಿಯನ್ನು ನಿಲ್ಲಿಸಬೇಕು. ವಿದ್ಯುಚ್ಛಕ್ತಿ ಮಂಡಳಿಯೊಂದರ ಕಾನೂನು ಅಧಿಕಾರಿಯೊಬ್ಬರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2001ರಲ್ಲಿ ಈ ನಿಯಮವನ್ನು ಬಿಗಿಯಾಗಿಯೇ ಅನ್ವಯಿಸಿತು. ಇಷ್ಟಾದರೂ ಅಂಥವರು ಕೊಟ್ಟ ಸಲಹೆಯ ಗೋಪ್ಯತೆಗೆ ಒಂದು ಆಸರೆ ಉಳಿದಿತ್ತು. ಏಕೆಂದರೆ ಸಂಬಳ ಪಡೆಯುವವನೆಂಬ ಒಂದೇ ಕಾರಣದಿಂದ ಕಾನೂನು ಸಲಹೆಗಾರನಿಗೆ 1872ರ ಸಾಕ್ಷ್ಯ ಅಧಿನಿಯಮದ ರಕ್ಷಣೆ ತಪ್ಪುವುದಿಲ್ಲವೆಂದು ಬೊಂಬಾಯಿ ಹೈಕೋರ್ಟು ದಶಕಗಳ ಹಿಂದೆಯೇ ಹೇಳಿತ್ತು. ಆ ಆಸರೆಯೂ 2025ರ ಅಕ್ಟೋಬರ್ 31ರಂದು ಕಳಚಿಬಿತ್ತು.

ಅಂದು ಸರ್ವೋಚ್ಚ ನ್ಯಾಯಾಲಯವು ಕೊಟ್ಟ ತೀರ್ಪು ತನ್ನ ಮುಖ್ಯ ಭಾಗದಲ್ಲಿ ಅಭಿನಂದನೀಯವಾದದ್ದೆಂಬುದನ್ನು ಮರೆಯಬಾರದು. ಕಕ್ಷಿದಾರನಿಗೆ ಸಲಹೆ ಕೊಟ್ಟ ಕಾರಣಕ್ಕಾಗಿ ಇಬ್ಬರು ಹಿರಿಯ ವಕೀಲರಿಗೆ ಜಾರಿ ನಿರ್ದೇಶನಾಲಯವು ಸಮನ್ಸು ಕಳುಹಿಸಿದ್ದರಿಂದಲೂ, ಗುಜರಾತಿನ ಪೊಲೀಸರು ವಕೀಲರೊಬ್ಬರಿಗೆ ನೋಟೀಸು ಕೊಟ್ಟಿದ್ದರಿಂದಲೂ ದೇಶದ ವಕೀಲಸಮೂಹವೇ ಕ್ಷೋಭೆಗೊಂಡಿದ್ದಾಗ, ನ್ಯಾಯಾಲಯವು ತಾನಾಗಿಯೇ ವಿಷಯವನ್ನು ಕೈಗೆತ್ತಿಕೊಂಡು, ಸೂಪರಿಂಟೆಂಡೆಂಟ್ ದರ್ಜೆಗೆ ಕಡಿಮೆಯಲ್ಲದ ಮೇಲಧಿಕಾರಿಯ ಲಿಖಿತ ಸಮ್ಮತಿಯಿಲ್ಲದೆ ತನಿಖಾಧಿಕಾರಿಗಳು ಹಾಗೆ ಸಮನ್ಸು ಕಳುಹಿಸಕೂಡದೆಂದು ಕಟ್ಟುಮಾಡಿತು. ಆದರೆ ಅದೇ ತೀರ್ಪಿನಲ್ಲಿ, ಕಂಪನಿಗಳ ಸಂಬಳದ ವಕೀಲರು ನ್ಯಾಯಾಲಯಗಳಲ್ಲಿ ವೃತ್ತಿ ನಡೆಸುವವರಲ್ಲವಾದ್ದರಿಂದ, 1872ರ ಅಧಿನಿಯಮದ ಸ್ಥಾನಕ್ಕೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೆಯ ಕಲಮಿನ ಗೋಪ್ಯತೆ ಅವರಿಗೆ ಸಲ್ಲದೆಂದೂ, ಕಂಪನಿಯ ಹೊರಗಿನ ಕಾನೂನು ಸಲಹೆಗಾರನೊಡನೆ ಅವರು ನಡೆಸಿದ ವ್ಯವಹಾರಕ್ಕೆ 134ನೆಯ ಕಲಮಿನ ರಕ್ಷಣೆ ದೊರೆಯಬಹುದಾದರೂ, ಅವರಿಗೂ ಅವರ ಯಜಮಾನನಿಗೂ ನಡುವೆ ನಡೆದದ್ದಕ್ಕೆ ಅದು ಹಬ್ಬುವುದಿಲ್ಲವೆಂದೂ ಹೇಳಿತು.

ಇದರ ಪರಿಣಾಮವನ್ನು ನಿತ್ಯದ ವ್ಯವಹಾರದಲ್ಲಿಟ್ಟು ನೋಡಬೇಕು. ಲಾ ಫರ್ಮುಗಳು ತಮ್ಮ ಕಿರಿಯ ವಕೀಲರನ್ನು ಕೆಲವು ತಿಂಗಳ ಕಾಲ ಕಕ್ಷಿದಾರ ಕಂಪನಿಯ ಕಛೇರಿಗೇ ಕಳುಹಿಸಿಕೊಡುವ ಪದ್ಧತಿಯೊಂದಿದೆ. ಸೆಕೆಂಡ್‌ಮೆಂಟ್ ಎಂದು ಕರೆಯಲ್ಪಡುವ ಇದನ್ನು ಸಹಯೋಗದ ಅತ್ಯುತ್ತಮ ಮಾದರಿಯೆಂದು ಎರಡೂ ಕಡೆಯವರು ಹೊಗಳುತ್ತಾರೆ. ಹಾಗೆ ಬಂದ ಕಿರಿಯನು ಫರ್ಮಿನಿಂದ ಪಡೆಯುವುದು ತಿಂಗಳಿಗೆ ಇಂತಿಷ್ಟೆಂಬ ನಿಗದಿಯಾದ ಹಣವನ್ನೇ. ಅದಕ್ಕೆ ಸಂಬಳವೆನ್ನದೆ ರಿಟೇನರ್ ಎನ್ನುವ ಜಾಣತನದಿಂದ ಅವನ ಸನ್ನದು ಸುರಕ್ಷಿತವಾಗಿರುತ್ತದೆ. ಅವನ ಪಕ್ಕದ ಮೇಜಿನಲ್ಲಿ, ಅವನಿಗಿಂತ ಇಪ್ಪತ್ತು ವರ್ಷ ಹಿರಿಯಳಾದ ಕಂಪನಿಯ ಮುಖ್ಯ ಕಾನೂನು ಅಧಿಕಾರಿ ಕುಳಿತಿರುತ್ತಾಳೆನ್ನೋಣ. ಒಂದೇ ಕರಾರಿನ ಒಂದೇ ಷರತ್ತನ್ನು ಕುರಿತು ಇಬ್ಬರೂ ಆಡಳಿತ ಮಂಡಳಿಗೆ ಎಚ್ಚರಿಕೆಯ ಪತ್ರ ಬರೆದರೆ, ಕಿರಿಯನ ಪತ್ರ ವಕೀಲನ ಸಲಹೆಯಾಗಿ ಗೋಪ್ಯವೆನಿಸುತ್ತದೆ, ಹಿರಿಯಳ ಪತ್ರ ತನಿಖಾಧಿಕಾರಿಯ ಕೈಗೆ ಸಾಕ್ಷ್ಯವಾಗಿ ಹೋಗುತ್ತದೆ. ವಿವೇಕಿಯಾದ ಅಧಿಕಾರಿ ಇಂಥ ಪರಿಸ್ಥಿತಿಯಲ್ಲಿ ಏನು ಮಾಡುತ್ತಾಳೆ? ಬರೆಯುವುದನ್ನು ನಿಲ್ಲಿಸುತ್ತಾಳೆ, ಇಲ್ಲವೆ, ತಾನು ಬಲ್ಲ ವಿಷಯವನ್ನೇ ಫರ್ಮಿಗೆ ಕಳುಹಿಸಿ, ಅವರ ತಲೆಬರಹದ ಕಾಗದದ ಮೇಲೆ ಅದನ್ನೇ ಹಿಂದಕ್ಕೆ ತರಿಸಿಕೊಳ್ಳುತ್ತಾಳೆ. ಸಹಭಾಗಿಯೆಂದು ಕೊಂಡಾಡಲ್ಪಟ್ಟ ಫರ್ಮು ಹೀಗೆ ದುಬಾರಿ ಅಂಚೆಪೆಟ್ಟಿಗೆಯಾಗುತ್ತದೆ, ಮತ್ತು ಆ ಬಿಲ್ಲನ್ನು ಕಟ್ಟುವವರು ಕಡೆಗೆ ಕಂಪನಿಯ ಷೇರುದಾರರೂ ಗ್ರಾಹಕರೂ. ಇನ್ನು ಉಭಯರ ಟಿಪ್ಪಣಿಗಳೂ ಬೆರೆತುಹೋಗುವ ಆ ಸಮಾನ ಗಣಕಭಂಡಾರದ ಮಾತೇ ಬೇಡ: ಯಾವ ಸಾಲು ಯಾರದೆಂದು ವಿಂಗಡಿಸುವುದಕ್ಕಾಗಿಯೇ ಮತ್ತೊಬ್ಬ ವಕೀಲನನ್ನು ಗೊತ್ತುಮಾಡಬೇಕಾದೀತು.

ಬೆಂಗಳೂರಿಗೆ ಇದು ದೂರದ ಮಾತಲ್ಲ. ಜಗತ್ತಿನ ಅನೇಕ ದೊಡ್ಡ ಕಂಪನಿಗಳು ತಮ್ಮ ಜಾಗತಿಕ ಕೇಂದ್ರಗಳನ್ನು ಈ ನಗರದಲ್ಲಿಟ್ಟಿರುವುದರಿಂದ, ಲಂಡನ್ನಿಗೂ ನ್ಯೂಯಾರ್ಕಿಗೂ ಹೋಗುವ ಎಷ್ಟೋ ಕರಾರುಗಳ ಪರಿಶೀಲನೆ ಇಲ್ಲಿಯ ಕಾನೂನು ವಿಭಾಗಗಳಲ್ಲಿ ನಡೆಯುತ್ತದೆ. ಇಂಗ್ಲೆಂಡಿನಲ್ಲಿ ಲಾರ್ಡ್ ಡೆನಿಂಗರು 1972ರಲ್ಲಿ, ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಅಪ್‌ಜಾನ್ ಪ್ರಕರಣದಲ್ಲಿ 1981ರಲ್ಲಿ, ಕಂಪನಿಯ ಒಳಗಿನ ವಕೀಲನೊಡನೆ ನಡೆಯುವ ವ್ಯವಹಾರಕ್ಕೆ ಗೋಪ್ಯತೆಯುಂಟೆಂಬ ಪಕ್ಷವನ್ನೇ ಹಿಡಿದರು. ಒಂದೇ ಸಂಸ್ಥೆಯ ಲಂಡನ್ ಮೇಜಿನ ವಕೀಲನಿಗೆ ಅಲ್ಲಿ ಇರುವ ಧೈರ್ಯ ಬೆಂಗಳೂರಿನ ಮೇಜಿನವನಿಗೆ ಇಲ್ಲಿ ಇರದೆ ಹೋದರೆ, ಮಹತ್ತ್ವದ ಆಲೋಚನೆ ಯಾವ ಮೇಜಿಗೆ ಸರಿಯುವುದೆಂಬುದನ್ನು ಊಹಿಸುವುದು ಕಷ್ಟವಲ್ಲ.

ಎದುರುಪಕ್ಷದ ವಾದವು ಹಗುರವಾದುದಲ್ಲ. ಸಂಬಳ ಕೊಡುವವನ ಮುಂದೆ ನಿಂತು ‘ಇದು ಸಲ್ಲದು’ ಎನ್ನಬಲ್ಲ ಸ್ವಾತಂತ್ರ್ಯ ನೌಕರನಿಗೆ ಎಲ್ಲಿಯದು ಎಂದು ಅವರು ಕೇಳುತ್ತಾರೆ. ಐರೋಪ್ಯ ಒಕ್ಕೂಟದ ನ್ಯಾಯಾಲಯವು 2010ರ ಅಕ್ಜೊ ನೋಬೆಲ್ ಪ್ರಕರಣದಲ್ಲಿ ಇದೇ ಕಾರಣಕ್ಕಾಗಿ ಕಂಪನಿ ವಕೀಲರಿಗೆ ಗೋಪ್ಯತೆಯನ್ನು ನಿರಾಕರಿಸಿತು. ಆದರೆ ಆ ತೀರ್ಪು ಒಕ್ಕೂಟದ ಆಯೋಗವು ನಡೆಸುವ ಸ್ಪರ್ಧಾ ಕಾನೂನಿನ ತನಿಖೆಗಳಿಗೆ ಸಂಬಂಧಪಟ್ಟದ್ದು. ಅಲ್ಲದೆ, ಒಬ್ಬನೇ ಕಕ್ಷಿದಾರನಿಂದ ತನ್ನ ವರಮಾನದ ಬಹುಪಾಲನ್ನು ಪಡೆಯುವ ಫರ್ಮು ಆ ಕಕ್ಷಿದಾರನ ಮುಂದೆ ಎಷ್ಟು ಸ್ವತಂತ್ರವಾಗಿ ಬಾಯಿ ತೆರೆದೀತೆಂಬುದನ್ನು ಆ ವೃತ್ತಿಯವರೇ ಬಲ್ಲರು. ಸ್ವಾತಂತ್ರ್ಯವು ಹಣ ಬರುವ ದಾರಿಯಿಂದಲ್ಲ, ಪ್ರಮಾಣವಚನದಿಂದಲೂ ಶಿಸ್ತಿನ ಭಯದಿಂದಲೂ ಹುಟ್ಟತಕ್ಕದ್ದೆಂದು ಒಪ್ಪುವುದಾದರೆ, ಕಂಪನಿಯ ವಕೀಲನಿಂದ ಸನ್ನದನ್ನು ತೆಗೆದಿರಿಸಿ, ವೃತ್ತಿಯ ಹೊರಗೆ ನಿಲ್ಲಿಸಿ, ಆಮೇಲೆ ನೀನು ವೃತ್ತಿಯೊಳಗಿಲ್ಲ ಎಂದು ಅವನನ್ನೇ ದೂರುವುದು ನ್ಯಾಯವೆ?

ಕಂಪನಿಗಳು ತಮ್ಮ ದುಷ್ಕೃತ್ಯಗಳನ್ನೆಲ್ಲ ಕಾನೂನು ವಿಭಾಗದ ಕಪಾಟಿನಲ್ಲಿ ಬಚ್ಚಿಟ್ಟುಬಿಡುವುವೆಂಬ ಶಂಕೆಗೆ ಉತ್ತರ 132ನೆಯ ಕಲಮಿನಲ್ಲಿಯೇ ಇದೆ: ಅಕ್ರಮ ಉದ್ದೇಶವನ್ನು ಸಾಧಿಸುವುದಕ್ಕಾಗಿ ನಡೆದ ಸಂಭಾಷಣೆಗೆ ಈ ರಕ್ಷಣೆ ಹೊರಗಿನ ವಕೀಲನಿಗೂ ದೊರೆಯುವುದಿಲ್ಲ. ಅದೇ ಅಂಕುಶವನ್ನು ಒಳಗಿನವನಿಗೂ ಹಾಕಲಿ.

ಪರಿಹಾರ ನ್ಯಾಯಾಲಯದ ಕೈಯಲ್ಲಿಲ್ಲ; ಇರುವ ಶಾಸನವನ್ನು ಓದಿದರೆ ನ್ಯಾಯಾಲಯವು ಹೇಳಿದ್ದನ್ನು ಒಪ್ಪಲೇಬೇಕಾದೀತು. 1961ರ ವಕೀಲರ ಕಾಯಿದೆಯನ್ನು ತಿದ್ದಿ, ನೌಕರಿಯಲ್ಲಿರುವ ವಕೀಲರಿಗೆ ಪ್ರತ್ಯೇಕವಾದ ಪಟ್ಟಿಯೊಂದನ್ನು ತೆರೆದು, ನ್ಯಾಯಾಲಯದಲ್ಲಿ ಯಜಮಾನನ ಪರವಾಗಿ ವಾದಿಸುವ ಹಕ್ಕನ್ನು ಬೇಕಾದರೆ ತಡೆಹಿಡಿದು, ಪರಿಷತ್ತಿನ ಶಿಸ್ತನ್ನೂ ಸಲಹೆಯ ಗೋಪ್ಯತೆಯನ್ನೂ ಒಟ್ಟಿಗೆ ಅವರಿಗೆ ಅನ್ವಯಿಸಬೇಕು. ಕಂಪನಿಗಳಲ್ಲಿ ದುಡಿಯುವ ಕಾನೂನು ಪದವೀಧರರನ್ನೂ ಕಾನೂನು ವೃತ್ತಿಯವರೆಂದು ಗಣಿಸುವ ವ್ಯಾಖ್ಯೆಯೊಂದು 2025ರ ಫೆಬ್ರುವರಿಯ ತಿದ್ದುಪಡಿಯ ಕರಡಿನಲ್ಲಿ ಇದ್ದೇ ಇತ್ತು. ನ್ಯಾಯಾಲಯ ಬಹಿಷ್ಕಾರದ ನಿಷೇಧವೇ ಮೊದಲಾದ ಕಲಮುಗಳಿಗೆ ವಕೀಲರು ಬೀದಿಗಿಳಿದು ಪ್ರತಿಭಟಿಸಲು, ಕರಡೆಲ್ಲವೂ ಹಿಂದೆಗೆಯಲ್ಪಟ್ಟು, ಅದರೊಡನೆ ಇದೂ ಹೋಯಿತು. ಅಂದು ಇದೊಂದು ಅಂಶವನ್ನಾದರೂ ಉಳಿಸಿಕೊಳ್ಳಿರೆಂದು ದೊಡ್ಡ ಫರ್ಮುಗಳಿಂದ ಎದ್ದ ಕೂಗು ನನ್ನ ಕಿವಿಗೆ ಬೀಳಲಿಲ್ಲ. ಗೋಪ್ಯತೆಗಾಗಿ ಕಂಪನಿಗಳು ತಮ್ಮ ಬಾಗಿಲಿಗೇ ಬರಬೇಕಾದ ವ್ಯವಸ್ಥೆಯಿಂದ ಲಾಭ ಪಡೆಯುವವರು ತಾವೇ ಆಗಿರುವುದರಿಂದ ಈ ಮೌನವೆಂದು ಜನ ಭಾವಿಸಬಾರದೆಂದಿದ್ದರೆ, ಮುಂದಿನ ಕರಡು ಹೊರಬೀಳುವುದಕ್ಕೆ ಮುಂಚೆಯೇ ಕೇಂದ್ರದ ಕಾನೂನು ಸಚಿವಾಲಯಕ್ಕೆ ಕಂಪನಿ ವಕೀಲರೊಡನೆ ಸಹಿ ಹಾಕಿ ಒಂದು ಮನವಿಯನ್ನು ಅವರು ಸಲ್ಲಿಸಲಿ.